ಪೂವಿನ ಪುಲ್ಲಿಮಂಗಲ

ಬೆಂಗಳೂರಿಗೆ ಆ ಹೆಸರು ಬಂದದ್ದು ವೀರಬಲ್ಲಾಳ ದೊರೆಗೆ ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳಿನಿಂದ ಎಂಬ ಕತೆ ಮಕ್ಕಳಿಗೆ ಬಹಳ ಪ್ರಿಯ. ನನಗೂ ಪ್ರಿಯವೇ. ಏನು ಮಾಡುವುದು, ಹೊಯ್ಸಳ ಬಲ್ಲಾಳರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಬೆಂಗಳೂರಿತ್ತು! ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲೊಂದಿದೆ. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಮಡಿದ ಸಂಗತಿ ಅದರಲ್ಲಿದೆ.

ಯುಗಾದಿ ಕಳೆದು ಅಶ್ವಿನಿ ಮಳೆ ಬಿಟ್ಟು ಬಿಟ್ಟು ಹನಿಯುತ್ತಿದ್ದ ಒಂದು ಭಾನುವಾರ ನಾವು ಮೂವರು ಉಪಾಧ್ಯಾಯಿನಿಯರು ಆ ಕಲ್ಲನ್ನು ನೋಡಿಕೊಂಡು ಬೇಗೂರು ಕೆರೆಯ ಕಡೆ ನಡೆದೆವು. ಹೊಂಗೆಯ ಹೂ ನೆಲದ ಮೇಲೆ ಅರಳು ಚೆಲ್ಲಿದಂತೆ ಬಿದ್ದಿತ್ತು. ನಮ್ಮನ್ನು ಕಂಡದ್ದೇ ತಡ, ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತಾ ಬೈಯತೊಡಗಿತು. ಬಯಲಲ್ಲೇ ಮೊಟ್ಟೆಯಿಡುವ ಹಕ್ಕಿ, ಕೋಪ ಬರುವುದು ಸಹಜ ಎಂದು ವಿಜ್ಞಾನದ ಗೆಳತಿ ನಮ್ಮನ್ನು ಹಿಂದಕ್ಕೆ ಎಳೆದಳು. ಕಾಂಗ್ರೆಸ್ ಗಿಡ ಮಾತ್ರ ಎಲ್ಲೆಲ್ಲೂ. ಅಮೆರಿಕದ ಆ ಕಳೆ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅದರ ನಡುವೆ ಬಿಳಿಯ ಸಣ್ಣ ಹೂವೊಂದನ್ನು ನಾವು ಬಗ್ಗಿ ನೋಡುತ್ತಿದ್ದರೆ, ಹಸು ಮೇಯಿಸುತ್ತಿದ್ದ ಅಜ್ಜಿ ನಕ್ಕರು: "ತುಂಬೆ ಕಣಮ್ಮ, ಶಿವನಿಗೆ ಏರಿಸ್ತೀವಲ್ಲ!"

ಮಳೆ ಜೋರಾಯಿತು. ಹೊಂಗೆಯಡಿ ಒಂದೇ ಕೊಡೆಯಲ್ಲಿ ಮೂವರೂ ನಿಂತಾಗ ಕನ್ನಡದ ಗೆಳತಿ ಬೇಗೂರಿನ ಇನ್ನೊಂದು ವೀರಗಲ್ಲಿನ ಮಾತು ತೆಗೆದಳು. ಆ ಕಲ್ಲು ಈಗ ಊರಲ್ಲಿಲ್ಲ, ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿದೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಅದರ ಪಾಠ ಸಿಗುತ್ತದೆ. ವೀರಮಹೇಂದ್ರನ ಮೇಲಿನ ಯುದ್ಧದಲ್ಲಿ ನಾಗತ್ತರ ಸತ್ತ ಮೇಲೆ ಗಂಗ ದೊರೆ ಎರೆಯಪ್ಪ, ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನಂತೆ. ಬೆಂಪೂರೆಂದರೆ ಬೇಗೂರು. ಊರುಗಳ ಪಟ್ಟಿಯೂ ಅಲ್ಲೇ ಇದೆ: ತೋವಗೂರು, ನಲ್ಲೂರು, ಇಗ್ಗಲೂರು... ನಡುವೆ ಪೂವಿನ ಪುಲ್ಲಿಮಂಗಲ!

ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು, ಪೂವು ಹೂವಾಯಿತು. ಹಾಗಾದರೆ ಇದು ಇಲೆಕ್ಟ್ರಾನಿಕ್ ಸಿಟಿಯಾಚೆಯ ಹುಲಿಮಂಗಲವೇ ಇರಬೇಕೆಂದು ನನಗನ್ನಿಸುತ್ತದೆ. ಹುಲಿಯೋ, ಹುಲ್ಲೋ ಎಂದು ಗೆಳತಿಯರು ವಾದಕ್ಕಿಳಿದರು. ನನ್ನ ಚಿಂತೆ ಬೇರೆ. ಯುದ್ಧದ ಲೆಕ್ಕ ಬರೆದ ಕಲ್ಲಿನಲ್ಲಿ ಹೂವಿಗೂ ಒಂದು ಜಾಗ ಸಿಕ್ಕಿತ್ತು. ಹನ್ನೊಂದು ಶತಮಾನದಲ್ಲಿ ಪುಲ್ಲಿಮಂಗಲ ಉಳಿದು ಪೂವು ಉದುರಿಹೋಯಿತು. ಯಾವ ಹೂವಿತ್ತೋ, ದೇವರ ಹೂದೋಟವಿತ್ತೋ, ಕೇಳೋಣವೆಂದರೆ ಯಾರನ್ನು?

ತೋವಗೂರಿನ ಗುರುತು ಹಿಡಿಯುವುದು ಸುಲಭ, ಅದು ತೋಗೂರು. 1978ರಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ 332 ಎಕರೆಯಲ್ಲಿ ಇಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಅದರಿಂದ ಅನ್ನ ಕಂಡ ಮನೆಗಳು ಎಷ್ಟೋ, ನನಗೆ ತಕರಾರಿಲ್ಲ. ಆದರೆ ಗಂಗರ ಕಾಲದಿಂದ ಬಂದ ಹೆಸರನ್ನು ನಾಲ್ಕೇ ದಶಕದಲ್ಲಿ 'ಫೇಸ್ ಒನ್' ಮೂಲೆಗೆ ತಳ್ಳುತ್ತಿದೆ.

ಮರುದಿನ ಎಂಟನೇ ತರಗತಿಯಲ್ಲಿ ಪಟ್ಟಿ ಓದಿದೆ. ತೋವಗೂರು ಎಂದಾಗ ಯಾರೂ ಅಲುಗಲಿಲ್ಲ. ದೊಡ್ಡತೋಗೂರು ಎಂದೆ. ಐದು ಕೈ ಎದ್ದವು.