ಖಿನ್ನತೆಗೆ ಮೂಲಿಕೆ: ಮದರಾಸಿನಿಂದ ನೋಡಿದ ಒಂದು ಶತಮಾನ

ದೇಶೀ ವೈದ್ಯಪದ್ಧತಿಗಳ ಸ್ಥಿತಿಗತಿ ಪರಿಶೀಲಿಸಲು ಮದರಾಸು ಸರ್ಕಾರ 1921ರಲ್ಲಿ ಮುಹಮ್ಮದ್ ಉಸ್ಮಾನ್ ಅಧ್ಯಕ್ಷತೆಯ ಸಮಿತಿಯೊಂದನ್ನು ನೇಮಿಸಿತು. ಅದರ ಕಾರ್ಯದರ್ಶಿ ಕ್ಯಾಪ್ಟನ್ ಗೊರೂರು ಶ್ರೀನಿವಾಸಮೂರ್ತಿ. ಇಂಗ್ಲಿಷ್ ವೈದ್ಯ ಓದಿ ಆಯುರ್ವೇದದ ಪರ ವಾದಿಸಿದವರು. 1923ರಲ್ಲಿ ವರದಿ ಬಂತು. 1925ರಲ್ಲಿ ಸರ್ಕಾರಿ ದೇಶೀ ವೈದ್ಯಶಾಲೆ ಶುರುವಾಗಿ ಮೂರ್ತಿಯವರೇ ಅದರ ಮೊದಲ ಪ್ರಾಂಶುಪಾಲರಾದರು. ಆ ಶಾಲೆ ಮದರಾಸಿನ ಕೀಲ್ಪಾಕ್‌ನಲ್ಲಿ ಬೆಳೆಯಿತು. ಅದೇ ಕೀಲ್ಪಾಕ್‌ನಲ್ಲಿ 1871ರಿಂದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ 1961ರಿಂದ ಬಹುಕಾಲ ಅದನ್ನು ನಡೆಸಿದರು. ಬೇರು-ನಾರು ಬಲ್ಲವರೂ ಮನೋರೋಗ ಬಲ್ಲವರೂ ಒಂದೇ ಬಡಾವಣೆಯಲ್ಲಿದ್ದರು. ಆದರೆ ಖಿನ್ನತೆಗೆ ಮೂಲಿಕೆ ನಾಟುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ಪ್ರಮಾಣದ ಪರೀಕ್ಷೆಗಳು ನಡೆದದ್ದು ಯುರೋಪು, ಅಮೆರಿಕಗಳಲ್ಲಿ.

ಪ್ರಾಚೀನರಿಗೆ ಈ ಕಾಯಿಲೆ ಗೊತ್ತಿರಲಿಲ್ಲವೆಂದಲ್ಲ. ಚರಕಸಂಹಿತೆ ವಿಷಾದವನ್ನು ವಾತದ ಎಂಬತ್ತು ವಿಕಾರಗಳಲ್ಲಿ ಒಂದಾಗಿ ಎಣಿಸುತ್ತದೆ. ತಮಿಳರ ಸಿದ್ಧವೈದ್ಯದಲ್ಲಿ ಮನಸ್ಸಿನ ಕಾಯಿಲೆಗಳಿಗೆ 'ಕಿರಿಗೈ' ಎಂಬ ಪ್ರತ್ಯೇಕ ವಿಭಾಗವೇ ಇದೆ. ಚರಕ ಹೇಳುವ ಮೇಧ್ಯ ರಸಾಯನಗಳು ನಾಲ್ಕು: ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಆದರೆ ಇವು ಬುದ್ಧಿ, ನೆನಪುಗಳನ್ನು ಚುರುಕುಗೊಳಿಸಲು ಹೇಳಿದವು. ಇಂದಿನ ಜಾಹೀರಾತುಗಳು ಇವನ್ನೇ ಖಿನ್ನತೆಯ ಮದ್ದು ಎಂದು ಮಾರುವಾಗ ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ.

ಆಧುನಿಕ ಅಧ್ಯಾಯ ಶುರುವಾದದ್ದು ಸರ್ಪಗಂಧಿಯಿಂದ. ಅದರ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಒಳ್ಳೆಯದೆಂದು 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಸ್ ಕಂಪನಿ ಸೀಬಾದ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಮಾತ್ರೆ ಪ್ರಪಂಚದಾದ್ಯಂತ ಹಬ್ಬಿತು. ಅದನ್ನು ನುಂಗಿದ ಕೆಲವರು ಖಿನ್ನರಾದರೆಂದು ವರದಿಗಳೂ ಬಂದವು. ರೆಸರ್ಪಿನ್ ಮಿದುಳಿನ ಸೆರೊಟೊನಿನ್, ನಾರ್‌ಅಡ್ರಿನಲಿನ್ ದಾಸ್ತಾನನ್ನು ಬರಿದು ಮಾಡುತ್ತದೆಂದು ತಿಳಿದಾಗ, ಈ ರಾಸಾಯನಿಕಗಳ ಕೊರತೆಯೇ ಖಿನ್ನತೆಗೆ ಕಾರಣವೆಂಬ ಸಿದ್ಧಾಂತ ಹುಟ್ಟಿತು. ಆ ವರದಿಗಳನ್ನೂ ಸಿದ್ಧಾಂತವನ್ನೂ ಈಗ ಪ್ರಶ್ನಿಸುವವರಿದ್ದಾರೆ. ಹಾಗಿದ್ದರೂ ಒಂದು ಎಚ್ಚರ ಉಳಿಯಿತು: ಮನಸ್ಸಿನ ಮೇಲೆ ಕೆಲಸ ಮಾಡುವ ಬೇರು ಎರಡೂ ಕಡೆಗೆ ಕೆಲಸ ಮಾಡಬಲ್ಲದು.

ಎರಡನೆಯ ಅಧ್ಯಾಯ ಜರ್ಮನಿಯದು. ಅಲ್ಲಿ ಖಿನ್ನತೆಗೆ ಕೊಡುವ ಸೇಂಟ್ ಜಾನ್ಸ್ ವರ್ಟ್ ಹಳದಿ ಹೂವಿನ ಪುಟ್ಟ ಗಿಡ, ನಮ್ಮ ಹಿಮಾಲಯದಲ್ಲೂ ಬೆಳೆಯುತ್ತದೆ. ಪಶ್ಚಿಮಘಟ್ಟದಲ್ಲಿರುವ ಅದರ ಸೋದರ ಪ್ರಭೇದವೊಂದರ ಸಸ್ಯನಾಮದಲ್ಲೇ ಮೈಸೂರಿದೆ. 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನವೊಂದು 23 ಪ್ರಯೋಗಗಳನ್ನು ಒಟ್ಟುಗೂಡಿಸಿ, ಸೌಮ್ಯದಿಂದ ಮಧ್ಯಮ ಪ್ರಮಾಣದ ಖಿನ್ನತೆಗೆ ಇದು ಹುಸಿಮಾತ್ರೆಗಿಂತ ಮೇಲು ಎಂದಿತು. 2002ರಲ್ಲಿ ಅಮೆರಿಕದ 340 ರೋಗಿಗಳ ಪ್ರಯೋಗ ಉತ್ಸಾಹಕ್ಕೆ ತಣ್ಣೀರೆರಚಿತು. ಅಲ್ಲಿ ಮೂಲಿಕೆಯೂ ಹುಸಿಮಾತ್ರೆಯನ್ನು ಮೀರಿಸಲಿಲ್ಲ, ಹೋಲಿಕೆಗೆ ಕೊಟ್ಟ ಸರ್ಟ್ರಲಿನ್ ಎಂಬ ಮಾತ್ರೆಯೂ ಸ್ಪಷ್ಟವಾಗಿ ಮೀರಿಸಲಿಲ್ಲ. ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2008ರ ಪರಾಮರ್ಶೆ 29 ಪ್ರಯೋಗ, 5,489 ರೋಗಿಗಳ ಲೆಕ್ಕ ಹಿಡಿದು ಮೂಲಿಕೆಯ ಪರ ನಿಂತಿತು. ಜರ್ಮನ್ ಮಾತಾಡುವ ದೇಶಗಳಲ್ಲೇ ಫಲಿತಾಂಶ ಹೆಚ್ಚು ಚೆನ್ನಾಗಿ ಬಂದಿದೆ ಎಂದೂ ಗುರುತಿಸಿತು.

ಅಷ್ಟರಲ್ಲಿ ಇನ್ನೊಂದು ಸಂಗತಿ ಬಯಲಾಗಿತ್ತು. ಈ ಗಿಡದ ಹೈಪರ್‌ಫೋರಿನ್ ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ಬೇರೆ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಕಸಿಯನ್ನು ಕಾಪಾಡುವ ಸೈಕ್ಲೊಸ್ಪೊರಿನ್ ಔಷಧದ ಮಟ್ಟ ಕುಸಿದು, ದೇಹ ಕಸಿಯನ್ನು ತಿರಸ್ಕರಿಸತೊಡಗಿದ ಪ್ರಕರಣಗಳು 2000ದಲ್ಲಿ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದವು. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ಗಳಿಗೂ ಇದೇ ಗತಿ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರಂತೂ ಸೆರೊಟೊನಿನ್ ವಿಪರೀತವಾಗಿ ಜೀವಕ್ಕೇ ಅಪಾಯ.

ನಮ್ಮ ಮೂಲಿಕೆಗಳ ಸರದಿ ತಡವಾಗಿ ಬಂತು. ಒಂದೆಲಗದ ಬಗ್ಗೆ ಎಂ.ವಿ.ಆರ್. ಅಪ್ಪಾರಾವ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನ ಬುದ್ಧಿಮಾಂದ್ಯ ಮಕ್ಕಳನ್ನು ಕುರಿತದ್ದು. ಅಶ್ವಗಂಧದ ಸಾರವನ್ನು 64 ಮಂದಿಯಲ್ಲಿ ಪರೀಕ್ಷಿಸಿದ 2012ರ ಪ್ರಯೋಗ ಅಳೆದದ್ದು ಒತ್ತಡವನ್ನು. ಖಿನ್ನತೆಯನ್ನೇ ನೇರವಾಗಿ ಹಿಡಿದದ್ದು ಟೆಹರಾನಿನ ಕೇಸರಿ ಪ್ರಯೋಗಗಳು, ದಿನಕ್ಕೆ 30 ಮಿಲಿಗ್ರಾಂನಂತೆ ಆರು ವಾರ. ಮತ್ತು ಗುಜರಾತಿನ ಭಾವನಗರದಲ್ಲಿ 60 ರೋಗಿಗಳ ಮೇಲೆ ನಡೆದ ಅರಿಸಿನದ ಕರ್ಕ್ಯುಮಿನ್ ಪ್ರಯೋಗ. ಫಲಿತಾಂಶ ಆಶಾದಾಯಕ, ಆದರೆ ರೋಗಿಗಳ ಸಂಖ್ಯೆ ಸಣ್ಣದು, ಅವಧಿ ಚಿಕ್ಕದು.

ಚೆನ್ನೈನ ರಾಸಪ್ಪ ಚೆಟ್ಟಿ ಬೀದಿಯ ಗ್ರಂಧಿಗೆ ಅಂಗಡಿಗಳಲ್ಲಿ ಅಮುಕ್ಕರಾ ಎಂದು ಕೇಳಿದರೆ ಅಶ್ವಗಂಧದ ಒಣಬೇರು ತೂಗಿ ಕೊಡುತ್ತಾರೆ. ವಲ್ಲಾರೈ ಎಂದರೆ ಒಂದೆಲಗದ ಪುಡಿ. ಪ್ರಯೋಗದಲ್ಲಿ ಬಳಸಿದ್ದು ಅಳತೆಗೊಳಪಟ್ಟ ಸಾರ, ಪೊಟ್ಟಣದಲ್ಲಿರುವುದು ಬೇರಿನ ಪುಡಿ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸಲಾಗದು. ಜ್ಯೇಷ್ಠಮಧು ಅತಿಯಾದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಅಶ್ವಗಂಧದ ಸಾರ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದು ವರದಿಯಾಗಿದೆ. 2003ರಲ್ಲಿ ಬಾಸ್ಟನ್ ಸುತ್ತಮುತ್ತ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

2005ರಲ್ಲಿ ಚೆನ್ನೈನ ತಾಂಬರಂನಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆ ತೆರೆಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಯುರ್ವೇದ ವೈದ್ಯರನ್ನೂ ಸಿದ್ಧವೈದ್ಯದ ಸಿರಪ್ಪು ಮರುತ್ತುವಂ ಎಂಬ ವಿಶೇಷ ವೈದ್ಯವಿಭಾಗದ ತಜ್ಞರನ್ನೂ ಮಾನಸಿಕ ಆರೋಗ್ಯ ವೃತ್ತಿಪರರ ಸಾಲಿಗೆ ಸೇರಿಸಿತು. ಮಾನ್ಯತೆ ಸಿಕ್ಕಿದೆ, ಅದಕ್ಕೆ ತಕ್ಕ ದೊಡ್ಡ ಪ್ರಯೋಗಗಳು ನಡೆಯಬೇಕಿವೆ. ಚೆನ್ನೈನಲ್ಲಿ 25 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 15.1 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಇಷ್ಟು ಜನರಿಗೆ "ನಾಟಿ ಔಷಧ ತಾನೇ, ಏನೂ ಆಗಲ್ಲ" ಎಂಬ ಸಮಾಧಾನ ಸಾಲದು. ಏನೂ ಮಾಡದ ಮದ್ದು ಗುಣವನ್ನೂ ಮಾಡದು. ಗುಣ ಮಾಡುವುದಾದರೆ ಅದಕ್ಕೂ ಅಳತೆ, ಅವಧಿ, ಪಥ್ಯ, ವೈದ್ಯರ ಕಣ್ಣು ಬೇಕು. ನುಂಗುತ್ತಿರುವ ಕಷಾಯವನ್ನು ಮಾತ್ರೆ ಬರೆಯುವ ವೈದ್ಯರಿಗೂ, ಮಾತ್ರೆಯನ್ನು ಪಂಡಿತರಿಗೂ ಹೇಳಿ. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಸಾಯುವ ಯೋಚನೆ ಸುಳಿದರಂತೂ ಆ ಕ್ಷಣವೇ, ಮೂಲಿಕೆಯ ಪ್ರಯೋಗ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.