ಹಳೇ ಡಸ್ಟರ್ ಡೀಸೆಲ್ ತಗೊಳ್ತೀರಾ? ಮೊದಲು ಬೆಲ್ಟ್ ಬಿಲ್ ಕೇಳಿ

ರೆನೋ ಡಸ್ಟರ್ ಭಾರತಕ್ಕೆ ಬಂದಿದ್ದು 2012ರಲ್ಲಿ. ಬಿಎಸ್6 ಬಂದ 2020ರಲ್ಲಿ ಇದರ ಡೀಸೆಲ್ ಮಾದರಿ ನಿಂತಿತು, ಹಾಗಾಗಿ ಈಗ ಸಿಗೋದೆಲ್ಲ ಹಳೇ ಗಾಡಿಗಳೇ. ಗುಂಡಿ ರಸ್ತೆಗೂ ಜಗ್ಗದ ಸಸ್ಪೆನ್ಷನ್ ಅಂತ ಇಟ್ಟುಕೊಂಡವರು ಹೊಗಳುತ್ತಾರೆ.

ಆದರೆ ಇದರ 1.5 ಲೀಟರ್ ಎಂಜಿನ್‌ನಲ್ಲಿ ಇರೋದು ಟೈಮಿಂಗ್ ಚೈನ್ ಅಲ್ಲ, ರಬ್ಬರ್ ಬೆಲ್ಟ್. ಓಡುವಾಗ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತೆ. ಕಿಲೋಮೀಟರ್ ಕಮ್ಮಿ ಅಂತ ಖುಷಿಪಡಬೇಡಿ. ನಿಂತ ಗಾಡಿಯಲ್ಲೂ ರಬ್ಬರ್‌ಗೆ ವಯಸ್ಸಾಗುತ್ತೆ.

ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಟೆನ್ಷನರ್, ವಾಟರ್ ಪಂಪ್ ಕೂಡ ಬದಲಾಗಿದೆಯಾ ನೋಡಿ. ಬಿಲ್ ಇಲ್ಲವಾ? ಬದಲಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ. ಮೊದಲು ಬೆಲ್ಟ್ ಹಾಕಿಸಿ, ಆಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಹತ್ತಿ.