ಸ್ಮಾರ್ಟ್‌ವಾಚ್: ಸದಾ ಬೆಳಗುವ ಪರದೆಯೋ, ಬಹುದಿನ ಬಾಳುವ ಬ್ಯಾಟರಿಯೋ?

ಬೆಂಗಳೂರು: ಇಟ್ಟಮಡು ಮುಖ್ಯರಸ್ತೆಯಲ್ಲಿ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮನೆಗೆ ಮರಳುವವರಿಗೆ ಸಮಯ ನೋಡಲು ಮಣಿಕಟ್ಟು ತಿರುಗಿಸುವುದೂ ಕಷ್ಟ. ಸದಾ ಬೆಳಗುವ ಪರದೆಯ ಸ್ಮಾರ್ಟ್‌ವಾಚ್ ಇದ್ದರೆ ಕಣ್ಣು ಹಾಯಿಸಿದರೆ ಸಾಕು. ಆದರೆ ಆ ಅನುಕೂಲಕ್ಕೆ ಬೆಲೆ ತೆರುವುದು ಬ್ಯಾಟರಿ. ಕೊಳ್ಳುವ ಮುನ್ನ ಈ ಲೆಕ್ಕ ತಿಳಿದಿರುವುದು ಒಳಿತು.

ಹಳೆಯ ಸಮಸ್ಯೆ

ಇದು ಇಂದಿನ ಸಮಸ್ಯೆಯಲ್ಲ. 1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಸಂಸ್ಥೆ ಮಾರುಕಟ್ಟೆಗೆ ತಂದ 'ಪಲ್ಸರ್' ಎಲ್‌ಇಡಿ ಗಡಿಯಾರದಲ್ಲಿ ಗುಂಡಿ ಒತ್ತಿದಾಗ ಮಾತ್ರ ಅಂಕಿಗಳು ಮೂಡುತ್ತಿದ್ದವು. ಸದಾ ಬೆಳಗಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಮರುವರ್ಷ ಜಪಾನಿನ ಸೀಕೊ ತಂದ ಎಲ್‌ಸಿಡಿ ಗಡಿಯಾರದಲ್ಲಿ ಸಮಯ ಸದಾ ಕಾಣುತ್ತಿತ್ತು. ಕೊನೆಗೆ ಜನ ಒಲಿದದ್ದು ಎಲ್‌ಸಿಡಿಗೆ.

ಬೆಂಗಳೂರಿಗರಿಗೆ ಗಡಿಯಾರದ ನಿತ್ಯಸೇವೆ ಅಪರಿಚಿತವೇನಲ್ಲ. ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ನಗರದಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ 'ಜನತಾ' ಮಾದರಿಗೆ ದಿನವೂ ಕೀಲಿ ಕೊಡಬೇಕಿತ್ತು. ಅದಕ್ಕೆ ಅರ್ಧ ನಿಮಿಷ ಸಾಕಿತ್ತು. ಸ್ಮಾರ್ಟ್‌ವಾಚನ್ನಾದರೋ ಚಾರ್ಜ್ ಆಗುವವರೆಗೆ ಬಿಚ್ಚಿಡಬೇಕು.

ಪರದೆಯ ಬಗೆಗಳು

ಅಮೋಲೆಡ್: ಇದರ ಪ್ರತಿ ಚುಕ್ಕಿಯೂ ತಾನೇ ಬೆಳಕು ಸೂಸುತ್ತದೆ. ಬಣ್ಣಗಳು ಉಜ್ವಲ. ಕಪ್ಪು ಭಾಗದ ಚುಕ್ಕಿಗಳು ಆರಿರುವುದರಿಂದ ಕಪ್ಪು ಹಿನ್ನೆಲೆಯ ಮುಖಪುಟ ಆರಿಸಿದರೆ ವಿದ್ಯುತ್ ಉಳಿಯುತ್ತದೆ.

ಎಂಐಪಿ: ಇದು ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಪರದೆ. ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಣ್ಣ ಮಂಕು, ಕತ್ತಲಲ್ಲಿ ಹಿಂಬೆಳಕು ಬೇಕು. ಸದಾ ಸಮಯ ತೋರಿಸಿದರೂ ಬ್ಯಾಟರಿ ಬಳಕೆ ಅತ್ಯಲ್ಪ.

ಅಂಕಿ ಹೇಳುವುದೇನು?

2024ರಲ್ಲಿ ಬಂದ ಗಾರ್ಮಿನ್ ಫೆನಿಕ್ಸ್ 8 ಗಡಿಯಾರದ 47 ಮಿ.ಮೀ. ಅಮೋಲೆಡ್ ಮಾದರಿಯ ಬ್ಯಾಟರಿ 16 ದಿನದವರೆಗೆ ಬರುತ್ತದೆಂದು ಸಂಸ್ಥೆ ಹೇಳುತ್ತದೆ. ಪರದೆಯನ್ನು ಸದಾ ಬೆಳಗುವಂತೆ ಇಟ್ಟರೆ ಅದು 7 ದಿನಕ್ಕೆ ಇಳಿಯುತ್ತದೆ. ಅದೇ ಅಳತೆಯ ಎಂಐಪಿ ಪರದೆಯ ಸೌರ ಮಾದರಿಗೆ ಬಿಸಿಲಿನ ನೆರವಿಲ್ಲದೆಯೇ 21 ದಿನ. 2019ರ ಆಪಲ್ ವಾಚ್ ಸರಣಿ 5, ಕೈ ಇಳಿಸಿದಾಗ ಪರದೆಯನ್ನು ಸೆಕೆಂಡಿಗೆ ಒಮ್ಮೆ ಮಾತ್ರ ನವೀಕರಿಸಿ ವಿದ್ಯುತ್ ಉಳಿಸಿತು. ಆದರೂ ಅದರ ಬಾಳಿಕೆ 18 ಗಂಟೆ.

ವರ್ಷಗಳ ಲೆಕ್ಕ

ಹೆಚ್ಚಿನವರು ಗಮನಿಸದ ಅಂಶ ಇನ್ನೊಂದಿದೆ. ಲಿಥಿಯಂ ಬ್ಯಾಟರಿ ಪ್ರತಿ ಚಾರ್ಜಿಂಗ್ ಆವರ್ತನದಲ್ಲೂ ತುಸು ಸವೆಯುತ್ತದೆ. ತನ್ನ ಗಡಿಯಾರದ ಬ್ಯಾಟರಿ 1000 ಪೂರ್ಣ ಆವರ್ತನಗಳ ನಂತರ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎನ್ನುತ್ತದೆ ಆಪಲ್. ದಿನಕ್ಕೊಂದು ಪೂರ್ಣ ಆವರ್ತನವಾದರೆ ಮೂರು ವರ್ಷದೊಳಗೇ ಸಾವಿರ ಮುಗಿಯುತ್ತದೆ. ವಾರಕ್ಕೊಂದಾದರೆ ವರ್ಷಕ್ಕೆ 52 ಮಾತ್ರ. ಬ್ಯಾಟರಿ ಗಡಿಯಾರದೊಳಗೆ ಭದ್ರವಾಗಿ ಮುಚ್ಚಿರುವುದರಿಂದ ಬದಲಿಸುವುದು ಸುಲಭವಲ್ಲ.

ಯಾರಿಗೆ ಯಾವುದು?

ನಿದ್ರೆ, ನಾಡಿಬಡಿತದ ಮೇಲೆ ನಿಗಾ ಬಯಸುವವರಿಗೆ, ಅದರಲ್ಲೂ ಹಿರಿಯರಿಗೆ, ಬ್ಯಾಟರಿಯೇ ಮುಖ್ಯ. ರಾತ್ರಿ ಚಾರ್ಜಿಗಿಟ್ಟ ಗಡಿಯಾರ ಯಾರ ನಾಡಿಯನ್ನೂ ನೋಡದು. ದಿನವಿಡೀ ದ್ವಿಚಕ್ರ ವಾಹನದಲ್ಲಿ ಬಿಸಿಲಲ್ಲಿ ಓಡಾಡುವವರಿಗೆ ಎಂಐಪಿ ಸೂಕ್ತ. ಕಚೇರಿಯಲ್ಲಿ ಕೂರುವವರು, ಸ್ನಾನದ ಹೊತ್ತಿನಲ್ಲಿ ತಪ್ಪದೆ ಚಾರ್ಜಿಗಿಡುವವರು ಅಮೋಲೆಡ್ ಕೊಳ್ಳಬಹುದು.

ಈಗಾಗಲೇ ಕೊಂಡವರು 'ಸದಾ ಬೆಳಗುವ ಪರದೆ' ಆಯ್ಕೆಯನ್ನು ಒಂದು ವಾರ ಆರಿಸಿ ನೋಡಬಹುದು. ಕೈ ಎತ್ತಿದಾಗ ಬೆಳಗಿದರೆ ಸಾಕೆನಿಸಿದರೆ, ಉಳಿದ ಬ್ಯಾಟರಿ ಲಾಭವೇ.